ಅಕ್ಕಿ ಮಿಲ್ಲಿನ ನಾಲ್ಕು ವರ್ಷ ಪೀಣ್ಯದ ಫ್ಯಾಕ್ಟರಿಗೆ ಕಾಣುವಂತೆ ಬರೆಯುವುದು ಹೇಗೆ?

ಪ್ರಶ್ನೆ: ನಾನು ಗಂಗಾವತಿಯವಳು. ಬಿಕಾಂ ಮುಗಿಸಿ ಇಲ್ಲಿನ ಒಂದು ಅಕ್ಕಿ ಮಿಲ್ಲಿನಲ್ಲಿ ಒಟ್ಟು ನಾಲ್ಕು ವರ್ಷ ಲೆಕ್ಕಪತ್ರ ನೋಡಿಕೊಂಡಿದ್ದೇನೆ. ನಡುವೆ ಮಗು ಆದಾಗ ಹತ್ತು ತಿಂಗಳು ಬಿಟ್ಟಿದ್ದೆ, ಆಮೇಲೆ ಅವರೇ ವಾಪಸ್ ಕರೆದರು. ಈಗ ನಮ್ಮ ಯಜಮಾನರಿಗೆ ಬೆಂಗಳೂರಿಗೆ ವರ್ಗ ಆಗಿದೆ, ದಾಸರಹಳ್ಳಿಯಲ್ಲಿ ಮನೆ ಮಾಡಿದ್ದಾರೆ. ನಾನು ಮೂವತ್ತಕ್ಕೂ ಹೆಚ್ಚು ಕಡೆ ಒಂದೇ ರೆಸ್ಯೂಮೆ ಕಳಿಸಿದೆ, ಒಂದು ಫೋನೂ ಬಂದಿಲ್ಲ. ಪೀಣ್ಯದಲ್ಲಿ ಮಶೀನ್ ಬಿಡಿಭಾಗ ಮಾಡುವ ಫ್ಯಾಕ್ಟರಿಯೊಂದು ಅಕೌಂಟ್ಸ್ ಎಕ್ಸಿಕ್ಯೂಟಿವ್ ಬೇಕು ಅಂತ ಜಾಹೀರಾತು ಹಾಕಿದೆ. ಕೆಲಸಕ್ಕೆ ತಕ್ಕಂತೆ ರೆಸ್ಯೂಮೆ ಬದಲಾಯಿಸಿ ಅಂತ ಎಲ್ಲರೂ ಹೇಳುತ್ತಾರೆ ಮೇಡಂ, ಆದರೆ ಏನು ಬದಲಾಯಿಸುವುದು? ನಾನು ಮಾಡಿರುವುದು ಅದೇ ನಾಲ್ಕು ವರ್ಷದ ಕೆಲಸ ಅಲ್ವಾ? ಜಾಹೀರಾತು, ರೆಸ್ಯೂಮೆ ಎರಡನ್ನೂ ಕಳಿಸಿದ್ದೇನೆ.

ಉತ್ತರ: ನಿಮ್ಮ ರೆಸ್ಯೂಮೆಯನ್ನು ಎರಡು ಸಲ ಓದಿದೆ. ಮೊದಲ ಪುಟ ಮುಗಿದರೂ ನೀವು ಏನು ಕೆಲಸ ಮಾಡುತ್ತೀರಿ ಅಂತ ಗೊತ್ತಾಗುವುದಿಲ್ಲ. ಮೇಲೆ ದೊಡ್ಡ ಅಕ್ಷರದಲ್ಲಿ ಬಯೋಡೇಟಾ ಅಂತ ಇದೆ, ಅದರ ಕೆಳಗೆ ಕರಿಯರ್ ಆಬ್ಜೆಕ್ಟಿವ್ ಅಂತ ಮೂರು ಸಾಲು, ಆಮೇಲೆ ಎಸ್ಸೆಸ್ಸೆಲ್ಸಿಯಿಂದ ಬಿಕಾಂವರೆಗೆ ಅಂಕಗಳ ಟೇಬಲ್, ತಂದೆಯ ಹೆಸರು, ಧರ್ಮ, ಹವ್ಯಾಸ. ನಾಲ್ಕು ವರ್ಷದ ದುಡಿಮೆ ಎರಡನೇ ಪುಟದಲ್ಲಿ ಒಂದೇ ಸಾಲಿನಲ್ಲಿದೆ: "ಟ್ಯಾಲಿ ವರ್ಕ್, ಜಿಎಸ್‌ಟಿ ವರ್ಕ್, ಬ್ಯಾಂಕ್ ವರ್ಕ್." ಅದನ್ನು ಓದಿ ನನಗೆ ನಿಜಕ್ಕೂ ಬೇಜಾರಾಯಿತು. ಅಕ್ಕಿ ಮಿಲ್ಲಿನ ಲೆಕ್ಕ ಅಷ್ಟು ಸುಲಭದ್ದಲ್ಲ ಅಂತ ನನಗೆ ಗೊತ್ತು. ಅದಕ್ಕೇ ನಿಮಗೆ ಒಂದಷ್ಟು ಪ್ರಶ್ನೆ ಬರೆದು ಕಳಿಸಿದ್ದೆ. ನೀವು ಕಳಿಸಿದ ಉತ್ತರದಲ್ಲಿ ಇರುವ ವಿಷಯದ ಕಾಲು ಭಾಗ ರೆಸ್ಯೂಮೆಯಲ್ಲಿ ಇದ್ದಿದ್ದರೂ ಇಷ್ಟು ಹೊತ್ತಿಗೆ ನಿಮಗೆ ಫೋನ್ ಬರುತ್ತಿತ್ತು.

ಕೆಲಸ ಅದೇ, ಒಪ್ಪಿಕೊಂಡೆ. ಆದರೆ ಆ ನಾಲ್ಕು ವರ್ಷದಲ್ಲಿ ನೀವು ನೂರು ಥರದ ಕೆಲಸ ಮಾಡಿದ್ದೀರಿ. ಪೀಣ್ಯದವರು ಕೇಳುತ್ತಿರುವುದು ಅದರಲ್ಲಿ ಆರೋ ಏಳೋ ಮಾತ್ರ. ಆ ಏಳನ್ನು ಹುಡುಕಿ ಮೇಲೆ ತಂದು, ಅವರು ಬಳಸಿದ ಪದದಲ್ಲೇ ಹೇಳಬೇಕು. ರೆಸ್ಯೂಮೆ ಬದಲಾಯಿಸುವುದು ಅಂದರೆ ಇಷ್ಟೇ.

ಮೊದಲು ಆ ಕಡೆ ಏನು ನಡೆಯುತ್ತದೆ ಅಂತ ಹೇಳುತ್ತೇನೆ. ನಾನು ಹಲವು ವರ್ಷ ಇಂಥದೇ ಫ್ಯಾಕ್ಟರಿಗಳಿಗೆ ಅಕೌಂಟ್ಸ್ ಜನರನ್ನು ಆರಿಸುವ ಕೆಲಸ ಮಾಡಿದ್ದೇನೆ. ಎಚ್‌ಆರ್‌ನಲ್ಲಿ ಕೂತಿರುವ ಹುಡುಗ ಅಥವಾ ಹುಡುಗಿ ನೌಕ್ರಿಯಂಥ ಪೋರ್ಟಲ್‌ನಲ್ಲಿ ನಾಲ್ಕು ಪದ ಹಾಕಿ ಹುಡುಕುತ್ತಾರೆ. ಜಿಎಸ್‌ಟಿ, ಟ್ಯಾಲಿ (ಲೆಕ್ಕ ಇಡುವ ಸಾಫ್ಟ್‌ವೇರ್), ಟಿಡಿಎಸ್ (ಹಣ ಕೊಡುವಾಗಲೇ ಹಿಡಿದು ಕಟ್ಟುವ ತೆರಿಗೆ), ಮ್ಯಾನುಫ್ಯಾಕ್ಚರಿಂಗ್. ಆ ಪದ ನಿಮ್ಮ ರೆಸ್ಯೂಮೆಯಲ್ಲಿ ಇಲ್ಲದಿದ್ದರೆ ನೀವು ಅವರ ಕಣ್ಣಿಗೇ ಬೀಳುವುದಿಲ್ಲ. ಬಿದ್ದವುಗಳಲ್ಲಿ ಹತ್ತೋ ಹದಿನೈದೋ ಪ್ರಿಂಟ್ ತೆಗೆದು ಅಕೌಂಟ್ಸ್ ಮ್ಯಾನೇಜರ್ ಟೇಬಲ್ ಮೇಲೆ ಇಡುತ್ತಾರೆ. ನಾನು ಪಕ್ಕದಲ್ಲಿ ಕೂತು ನೋಡಿದ್ದೇನೆ, ಒಬ್ಬ ಹಿರಿಯ ಮ್ಯಾನೇಜರ್ ಪೆನ್ಸಿಲ್ ಹಿಡಿದು ಪುಟದ ಮೇಲಿನ ಮೂರನೇ ಒಂದು ಭಾಗ ಮಾತ್ರ ಓದುತ್ತಿದ್ದರು. ಏನಾದರೂ ಹಿಡಿಸಿದರೆ ಅಲ್ಲೊಂದು ಸುತ್ತು ಹಾಕಿ ಮುಂದಕ್ಕೆ ಹೋಗುತ್ತಿದ್ದರು. ಪೆನ್ಸಿಲ್ ಗುರುತೇ ಬೀಳದ ಹಾಳೆ ಎಡಗಡೆಯ ಕಟ್ಟಿಗೆ ಸೇರುತ್ತಿತ್ತು. ಅವರು ಕೆಟ್ಟವರೇನಲ್ಲ. ಅವತ್ತು 20ನೇ ತಾರೀಖು ಹತ್ತಿರ ಇತ್ತು, 3ಬಿ ಅನ್ನುವ ಜಿಎಸ್‌ಟಿ ರಿಟರ್ನ್ ಫೈಲ್ ಮಾಡುವ ಗಡಿಬಿಡಿ, ಅಷ್ಟೇ ಸಮಯ ಅವರ ಕೈಯಲ್ಲಿತ್ತು.

ಎಟಿಎಸ್ ಅನ್ನೋ ಸಾಫ್ಟ್‌ವೇರ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ದೊಡ್ಡ ಕಂಪನಿಗಳಲ್ಲಿ ಅದು ಇದೆ, ಅಲ್ಲೂ ಅದು ಮಾಡುವ ಮುಖ್ಯ ಕೆಲಸ ಅರ್ಜಿಗಳನ್ನು ಜೋಡಿಸಿಟ್ಟು ಪದ ಹುಡುಕಲು ಕೊಡುವುದು. ಸ್ಕೋರ್ ಹೆಚ್ಚಿಸಿಕೊಡುತ್ತೇವೆ ಅಂತ ದುಡ್ಡು ಕೇಳುವವರಿಗೆ ದಯವಿಟ್ಟು ದುಡ್ಡು ಕೊಡಬೇಡಿ. ಎರಡು ಕಾಲಮ್ಮಿನ ಬಣ್ಣದ ಡಿಸೈನ್, ಸ್ಟಾರ್ ಹಾಕಿ ತೋರಿಸುವ ಸ್ಕಿಲ್ ಪಟ್ಟಿ ಇವೆಲ್ಲ ಬೇಡ. ಬಿಳಿ ಹಾಳೆ, ಒಂದೇ ಕಾಲಮ್, ಸಾದಾ ಅಕ್ಷರ.

ಈಗ ಜಾಹೀರಾತು. ಅದನ್ನು ಪ್ರಿಂಟ್ ತೆಗೆದುಕೊಳ್ಳಿ ಅಥವಾ ಒಂದು ಹಾಳೆಗೆ ಕೈಯಲ್ಲೇ ಬರೆದುಕೊಳ್ಳಿ, ಒಂದು ಬೇಡಿಕೆಗೆ ಒಂದು ಸಾಲು. ಅವರು ಕೇಳಿರುವುದು: ತಯಾರಿಕಾ ಕಂಪನಿಯಲ್ಲಿ 3ರಿಂದ 5 ವರ್ಷ ಅನುಭವ, ಟ್ಯಾಲಿ ಪ್ರೈಮ್, ಜಿಎಸ್‌ಟಿ ರಿಟರ್ನ್ ಮತ್ತು ಐಟಿಸಿ (ಖರೀದಿಯ ಮೇಲೆ ಕಟ್ಟಿ ಲೆಕ್ಕದಲ್ಲಿ ವಾಪಸ್ ಹಿಡಿಯುವ ಇನ್‌ಪುಟ್ ಟ್ಯಾಕ್ಸ್) ರೀಕನ್ಸಿಲಿಯೇಶನ್, ಟಿಡಿಎಸ್, ಬ್ಯಾಂಕಿಗೆ ತಿಂಗಳ ಸ್ಟಾಕ್ ಸ್ಟೇಟ್‌ಮೆಂಟ್, ಜಾಬ್ ವರ್ಕ್ ಲೆಕ್ಕ, ಎಕ್ಸೆಲ್. ಎಸ್‌ಎಪಿ (ಕಂಪನಿಗಳು ಬಳಸುವ ಇನ್ನೊಂದು ಲೆಕ್ಕದ ಸಾಫ್ಟ್‌ವೇರ್) ಗೊತ್ತಿದ್ದರೆ ಆದ್ಯತೆ. ಪ್ರತಿ ಸಾಲಿನ ಪಕ್ಕ ಜಾಗ ಬಿಡಿ. ಆ ಜಾಗದಲ್ಲಿ, ಮಿಲ್ಲಿನಲ್ಲಿ ನೀವು ಮಾಡಿದ ಕೆಲಸದಲ್ಲಿ ಇದಕ್ಕೆ ಹೊಂದುವುದು ಯಾವುದು ಅಂತ ಬರೆಯಿರಿ. ಇಂಗ್ಲಿಷ್ ಚಿಂತೆ ಈಗಲೇ ಬೇಡ, ಕನ್ನಡದಲ್ಲೇ ಬರೆದುಕೊಳ್ಳಿ.

ಮೊದಲ ಸಾಲಿನಲ್ಲೇ ನೀವು ಎಡವಿದ್ದೀರಿ. "ನನಗೆ ಮ್ಯಾನುಫ್ಯಾಕ್ಚರಿಂಗ್ ಅನುಭವ ಇಲ್ಲ, ನಂದು ಬರೀ ಮಿಲ್" ಅಂತ ಬರೆದಿದ್ದೀರಿ. ಮಿಲ್ ಅಂದರೆ ಏನು? ಭತ್ತ ಒಳಗೆ ಬರುತ್ತದೆ, ವೇಬ್ರಿಜ್‌ನಲ್ಲಿ ತೂಕ ಆಗುತ್ತದೆ, ಮಶೀನಿಗೆ ಹೋಗುತ್ತದೆ, ಅಕ್ಕಿ, ನುಚ್ಚು, ತೌಡು, ಹೊಟ್ಟು ಅಂತ ನಾಲ್ಕಾಗಿ ಹೊರಗೆ ಬರುತ್ತದೆ. ಎಷ್ಟು ಕ್ವಿಂಟಲ್ ಹಾಕಿದೆವು, ಎಷ್ಟು ಅಕ್ಕಿ ಬಂತು ಅನ್ನೋ ಲೆಕ್ಕ ದಿನಾ ಇಡುತ್ತೀರಿ. ಪೀಣ್ಯದಲ್ಲಿ ಕಬ್ಬಿಣದ ಸಲಾಕೆ ಒಳಗೆ ಬಂದು ಬಿಡಿಭಾಗ ಮತ್ತು ಸ್ಕ್ರ್ಯಾಪ್ ಆಗಿ ಹೊರಗೆ ಹೋಗುತ್ತದೆ. ಅಕೌಂಟ್ಸ್‌ನವರ ಕಣ್ಣಿನಲ್ಲಿ ಎರಡೂ ಒಂದೇ ಥರದ ಲೆಕ್ಕ: ಕಚ್ಚಾ ಮಾಲು, ಇಳುವರಿ, ಉಪ ಉತ್ಪನ್ನ, ಮುಗಿದ ಮಾಲು. ರೈಸ್ ಮಿಲ್ ತಯಾರಿಕಾ ಘಟಕವೇ, ಧೈರ್ಯವಾಗಿ ಹಾಗೆ ಬರೆಯಿರಿ. ಇದರಲ್ಲಿ ಸುಳ್ಳು ಒಂದು ಅಕ್ಷರವೂ ಇಲ್ಲ.

ಜಿಎಸ್‌ಟಿ ಸಾಲಿಗೆ ಬಂದರೆ ನಿಮ್ಮ ಹತ್ತಿರ ಇರುವುದು ಚಿನ್ನ, ನಿಮಗೇ ಗೊತ್ತಿಲ್ಲ. 2022ರ ಜುಲೈ 18ರಿಂದ 25 ಕೆಜಿವರೆಗಿನ ಪ್ಯಾಕ್ ಮಾಡಿ ಲೇಬಲ್ ಹಾಕಿದ ಅಕ್ಕಿಗೆ 5% ಜಿಎಸ್‌ಟಿ ಬಂತು, ಅದಕ್ಕಿಂತ ದೊಡ್ಡ ಚೀಲಕ್ಕೆ ಇಲ್ಲ. ಅದಾದ ಮೇಲೆ ಎಷ್ಟೋ ಮಿಲ್ಲುಗಳು 26 ಕೆಜಿ ಚೀಲ ಶುರು ಮಾಡಿದವು. ಆಗ ನೀವು ಮಿಲ್ಲಿನಲ್ಲೇ ಇದ್ದಿರಿ ಅಂತ ನಿಮ್ಮ ತಾರೀಖುಗಳು ಹೇಳುತ್ತವೆ. ಒಂದೇ ಗೋಡೌನಿನಿಂದ ತೆರಿಗೆ ಇರುವ ಮಾಲು, ತೆರಿಗೆ ಇಲ್ಲದ ಮಾಲು ಎರಡೂ ಹೋಗುತ್ತಿದ್ದರೆ ಮಶೀನ್ ಬಿಡಿಭಾಗ, ರಿಪೇರಿ, ಆಡಿಟರ್ ಫೀ ಇಂಥ ಎರಡಕ್ಕೂ ಸೇರಿದ ಖರ್ಚಿನ ಇನ್‌ಪುಟ್ ಟ್ಯಾಕ್ಸನ್ನು ಪೂರ್ತಿ ತೆಗೆದುಕೊಳ್ಳುವ ಹಾಗಿಲ್ಲ, ತೆರಿಗೆ ಇಲ್ಲದ ಮಾರಾಟದ ಪಾಲಿನಷ್ಟು ವಾಪಸ್ ಕೊಡಬೇಕು, ಅದಕ್ಕೇ ಐಟಿಸಿ ರಿವರ್ಸಲ್ ಅನ್ನುವುದು. ಆ ಲೆಕ್ಕವನ್ನು ಪ್ರತಿ ತಿಂಗಳು ಎಕ್ಸೆಲ್‌ನಲ್ಲಿ ನೀವೇ ಮಾಡಿ ಆಡಿಟರಿಗೆ ಕಳಿಸುತ್ತೀರಿ ಅಂತ ನಿಮ್ಮ ಉತ್ತರದ ಕೊನೆಯಲ್ಲಿ, ಏನೋ ಸಣ್ಣ ವಿಷಯ ಅನ್ನುವ ಹಾಗೆ ಬರೆದಿದ್ದೀರಿ! ಐದು ವರ್ಷ ಅನುಭವ ಇರುವ ಎಷ್ಟೋ ಜನ ಆ ಲೆಕ್ಕವನ್ನು ಕೈಯಿಂದ ಮಾಡಿ ನೋಡಿರುವುದಿಲ್ಲ.

ಹಾಗೇ 14ನೇ ತಾರೀಖು 2ಬಿ (ಮಾರಿದವರು ತೋರಿಸಿದ ಬಿಲ್ಲುಗಳಿಂದ ಜಿಎಸ್‌ಟಿ ಪೋರ್ಟಲ್ ಕೊಡುವ ಐಟಿಸಿ ಪಟ್ಟಿ) ಬಂದ ತಕ್ಷಣ ಡೌನ್‌ಲೋಡ್ ಮಾಡಿ ಖರೀದಿ ಬಿಲ್ಲಿನ ಜೊತೆ ತಾಳೆ ನೋಡುತ್ತೀರಿ. ಬಾರದ ಬಿಲ್ಲಿನ ಪಾರ್ಟಿಗೆ ಫೋನ್ ಮಾಡಿ ಅವರ ಮಾರಾಟದ ರಿಟರ್ನ್ ಜಿಎಸ್‌ಟಿಆರ್-1ರಲ್ಲಿ ಹಾಕಿಸುತ್ತೀರಿ. ಜಾಹೀರಾತಿನಲ್ಲಿರುವ ಐಟಿಸಿ ರೀಕನ್ಸಿಲಿಯೇಶನ್ ಅನ್ನೋ ದೊಡ್ಡ ಪದದ ಅರ್ಥ ಇದೇ. ನೀವು ಮಿಲ್ಲಿನಲ್ಲಿ ಅದನ್ನು "2ಬಿ ನೋಡೋದು" ಅನ್ನುತ್ತೀರಿ, ಅವರು ರೀಕನ್ಸಿಲಿಯೇಶನ್ ಅನ್ನುತ್ತಾರೆ. ರೆಸ್ಯೂಮೆಯಲ್ಲಿ ಅವರ ಪದವೇ ಇರಲಿ.

ಹಾಗಾದರೆ "ಜಿಎಸ್‌ಟಿ ವರ್ಕ್" ಅನ್ನುವ ಎರಡು ಪದ ಈಗ ಏನಾಗುತ್ತದೆ ನೋಡಿ. ಮೊದಲು ಕನ್ನಡದಲ್ಲಿ:

"ಪ್ರತಿ ತಿಂಗಳು ಜಿಎಸ್‌ಟಿಆರ್-1 ಮತ್ತು 3ಬಿಗೆ ಬೇಕಾದ ಲೆಕ್ಕ ಸಿದ್ಧ ಮಾಡಿ ಗಡುವಿನೊಳಗೆ ಫೈಲ್ ಮಾಡಿಸಿದ್ದೇನೆ. ಸುಮಾರು 120 ಖರೀದಿ ಬಿಲ್ಲುಗಳ ಐಟಿಸಿಯನ್ನು 2ಬಿ ಜೊತೆ ರೀಕನ್ಸೈಲ್ ಮಾಡಿದ್ದೇನೆ. ತೆರಿಗೆ ಇರುವ ಮತ್ತು ಇಲ್ಲದ ಮಾರಾಟ ಎರಡೂ ಇದ್ದುದರಿಂದ ಐಟಿಸಿ ರಿವರ್ಸಲ್ ಲೆಕ್ಕವನ್ನು ಎಕ್ಸೆಲ್‌ನಲ್ಲಿ ಮಾಡಿದ್ದೇನೆ."

120 ಅನ್ನುವುದು ನೀವು ಕಳಿಸಿದ ಸಂಖ್ಯೆ, ಅದಕ್ಕೇ ಹಾಕಿದೆ. ಸಂಖ್ಯೆ ಹಾಕುವಾಗ ಒಂದೇ ನಿಯಮ. ಇಂಟರ್‌ವ್ಯೂನಲ್ಲಿ "ಅದು ಹೇಗೆ ಬಂತು?" ಅಂದರೆ ತಡಬಡಾಯಿಸದೆ ಹೇಳಲು ಬರಬೇಕು. ದಿನಕ್ಕೆ ಎಷ್ಟು ಲಾರಿ, ತಿಂಗಳಿಗೆ ಎಷ್ಟು ಇ-ವೇ ಬಿಲ್ (ಮಾಲು ಸಾಗಿಸಲು ಬೇಕಾದ ಜಿಎಸ್‌ಟಿ ದಾಖಲೆ), ಎಷ್ಟು ಪಾರ್ಟಿ ಲೆಡ್ಜರ್, ಇವೆಲ್ಲ ಹಾಕಬಹುದು. ಮಾಲೀಕರ ಟರ್ನೋವರ್, ಪಾರ್ಟಿಗಳ ಹೆಸರು, ಲಾಭದ ಅಂಕಿ ಹಾಕಬೇಡಿ. ಅದು ಅವರ ವ್ಯವಹಾರದ ಗುಟ್ಟು. ಹಳೆ ಮಾಲೀಕರ ಲೆಕ್ಕ ಬಯಲಿಗೆ ಹಾಕುವವರು ನಾಳೆ ನಮ್ಮದನ್ನೂ ಹಾಕುತ್ತಾರೆ ಅಂತ ಓದುವವರಿಗೆ ಅನಿಸುತ್ತದೆ.

ಇದನ್ನು ಇಂಗ್ಲಿಷಿಗೆ ತರುವಾಗ ಸಣ್ಣ ಸಣ್ಣ ವಾಕ್ಯ ಮಾಡಿ. ನೀವು ಬಾಯಲ್ಲಿ ಹೇಳಲು ಆಗದ ಪದ ಒಂದೂ ಬೇಡ. ಯಾರ ಹತ್ತಿರವಾದರೂ ತಿದ್ದಿಸಿ, ಎಐ ಹತ್ತಿರ ಬೇಕಾದರೂ ತಿದ್ದಿಸಿ, ಪರವಾಗಿಲ್ಲ. ಆದರೆ ತಿದ್ದಿದ ಮೇಲೆ ನೀವು ಮಾಡದ ಕೆಲಸ ಏನಾದರೂ ಒಳಗೆ ಸೇರಿದೆಯಾ ಅಂತ ಸಾಲು ಸಾಲಾಗಿ ನೋಡಿ. ಅದು ಸುಮ್ನೆ ಸೇರಿಸಿಬಿಡುತ್ತದೆ.

ಟಿಡಿಎಸ್, ಸ್ಟಾಕ್ ಸ್ಟೇಟ್‌ಮೆಂಟ್ ಎರಡೂ ನಿಮ್ಮಲ್ಲಿ ಇವೆ. ಲಾರಿ ಬಾಡಿಗೆ, ಆಡಿಟರ್ ಫೀ ಮೇಲೆ ಟಿಡಿಎಸ್ ಹಿಡಿದು ಕಟ್ಟಿದ್ದೀರಿ. ಮಿಲ್ಲಿಗೆ ಸಿಸಿ ಲಿಮಿಟ್ (ಮಾಲು, ಬಾಕಿಯ ಮೇಲೆ ಬ್ಯಾಂಕ್ ಕೊಡುವ ಸಾಲದ ಮಿತಿ) ಇರುವುದರಿಂದ ತಿಂಗಳಿಗೊಮ್ಮೆ ಭತ್ತ, ಅಕ್ಕಿ, ಬರಬೇಕಾದ ಬಾಕಿ ಎಲ್ಲ ಲೆಕ್ಕ ಹಾಕಿ ಬ್ಯಾಂಕಿಗೆ ಕೊಟ್ಟಿದ್ದೀರಿ. ಡ್ರಾಯಿಂಗ್ ಪವರ್ (ಆ ಲೆಕ್ಕದ ಮೇಲೆ ಬ್ಯಾಂಕಿನಿಂದ ಎಷ್ಟು ಹಣ ತೆಗೆಯಬಹುದು ಅನ್ನುವುದು) ಅನ್ನುವ ಪದ ನಿಮಗೆ ಗೊತ್ತಿದೆ, ಅದನ್ನೂ ಹಾಕಿ.

ಜಾಬ್ ವರ್ಕ್ ಹತ್ತಿರ ನೀವು ಖಾಲಿ ಬಿಟ್ಟಿದ್ದೀರಿ. ಸ್ವಲ್ಪ ಯೋಚಿಸಿ ನೋಡಿ. ವ್ಯಾಪಾರಿಗಳ ಭತ್ತ ತೆಗೆದುಕೊಂಡು ಮಿಲ್ ಮಾಡಿ, ಕೂಲಿ ಹಿಡಿದು ಅಕ್ಕಿ ವಾಪಸ್ ಕೊಡುತ್ತೀರಿ ಅಂತ ನೀವೇ ಬರೆದಿದ್ದೀರಿ. ಅದು ಜಾಬ್ ವರ್ಕೇ. ನೀವು ಮಾಲು ತೆಗೆದುಕೊಳ್ಳುವ ಕಡೆ ಇದ್ದಿರಿ, ಪೀಣ್ಯದವರು ಕಳಿಸುವ ಕಡೆ ಇದ್ದಾರೆ. ಅವರು ಬಿಡಿಭಾಗವನ್ನು ಪ್ಲೇಟಿಂಗಿಗೋ ಹೀಟ್ ಟ್ರೀಟ್‌ಮೆಂಟಿಗೋ ಬೇರೆ ಕಡೆ ಚಲನ್ ಮೇಲೆ ಕಳಿಸುತ್ತಾರೆ. ಕಳಿಸಿದ ಮಾಲು ಒಂದು ವರ್ಷದೊಳಗೆ ವಾಪಸ್ ಬರಬೇಕು, ಇಲ್ಲದಿದ್ದರೆ ಅದನ್ನು ಮಾರಾಟ ಮಾಡಿದ ಹಾಗೆ ಲೆಕ್ಕ ಆಗಿ ತೆರಿಗೆ ಬೀಳುತ್ತದೆ. ಕಳಿಸಿದ್ದು, ಬಂದದ್ದು ಎಲ್ಲವನ್ನೂ ಐಟಿಸಿ-04 ಅನ್ನುವ ಫಾರ್ಮ್‌ನಲ್ಲಿ ತೋರಿಸಬೇಕು. ಆ ಫಾರ್ಮ್ ನೀವು ತುಂಬಿಲ್ಲ, ಹಾಗಾಗಿ ತುಂಬಿದ್ದೇನೆ ಅಂತ ಬರೆಯಬೇಡಿ. "ಜಾಬ್ ವರ್ಕ್ ಮಾಲಿನ ಆವಕ ಜಾವಕ ಲೆಕ್ಕ ಇಟ್ಟಿದ್ದೇನೆ" ಅಂತ ಬರೆಯಿರಿ. ಆ ಫಾರ್ಮ್ ಬಗ್ಗೆ ಇಂಟರ್‌ವ್ಯೂಗೆ ಮೊದಲು ಓದಿಕೊಂಡು ಹೋಗಿ.

ಎಸ್‌ಎಪಿ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಗೊತ್ತಿಲ್ಲ ಅಂದರೆ ಬರೆಯಬೇಡಿ. ಒಮ್ಮೆ ಒಬ್ಬ ಒಳ್ಳೆಯ ಹುಡುಗ ಬಂದಿದ್ದ, ಟ್ಯಾಲಿಯಲ್ಲಿ ಗಟ್ಟಿಗ, ಆದರೆ ಯಾರೋ ಹೇಳಿದರು ಅಂತ ಎಸ್‌ಎಪಿ ಎರಡು ವರ್ಷ ಅಂತ ಹಾಕಿದ್ದ. "ವೆಂಡರ್ ಬಿಲ್ ಯಾವ ಟಿ-ಕೋಡ್‌ನಲ್ಲಿ ಹಾಕುತ್ತಿದ್ದಿರಿ?" ಅಂತ ನಮ್ಮ ಮ್ಯಾನೇಜರ್ ಸಹಜವಾಗೇ ಕೇಳಿದರು. ಟಿ-ಕೋಡ್ ಅಂದರೆ ಎಸ್‌ಎಪಿಯಲ್ಲಿ ಒಂದೊಂದು ಕೆಲಸಕ್ಕೆ ಒತ್ತುವ ಕೋಡ್. ಎಫ್‌ಬಿ60 ಅಂದಿದ್ದರೂ ಸಾಕಿತ್ತು, ಎಂಐಆರ್‌ಒ ಅಂದಿದ್ದರೂ ಸಾಕಿತ್ತು. ಅವನು ತಲೆ ತಗ್ಗಿಸಿದ. ಅದಾದ ಮೇಲೆ ಅವನಿಗೆ ನಿಜವಾಗಿ ಗೊತ್ತಿದ್ದ ವಿಷಯವನ್ನೂ ಅವರು ನಂಬಲಿಲ್ಲ. ಅವನ ಮುಖ ನನಗೆ ಇವತ್ತಿಗೂ ನೆನಪಿದೆ. ಜಾಹೀರಾತಿನಲ್ಲಿ ಎಸ್‌ಎಪಿಗೆ "ಆದ್ಯತೆ" ಅಂತ ಮಾತ್ರ ಇದೆ, "ಕಡ್ಡಾಯ" ಅಂತ ಇಲ್ಲ. ಎಂಟರಲ್ಲಿ ಏಳು ನಿಮ್ಮಲ್ಲಿವೆ. ಅರ್ಜಿ ಹಾಕಲು ಅಷ್ಟು ಧಾರಾಳ ಸಾಕು.

ಇನ್ನು ಜೋಡಣೆ. ಹೆಸರು, ಫೋನ್, ಇಮೇಲ್ ಆದ ತಕ್ಷಣ ಮೂರು ಸಾಲಿನ ಪರಿಚಯ ಇರಲಿ, ಕರಿಯರ್ ಆಬ್ಜೆಕ್ಟಿವ್ ಜಾಗದಲ್ಲಿ. ಬಿಕಾಂ, ತಯಾರಿಕಾ ಘಟಕದಲ್ಲಿ ನಾಲ್ಕು ವರ್ಷ, ಜಿಎಸ್‌ಟಿ, ಐಟಿಸಿ ರೀಕನ್ಸಿಲಿಯೇಶನ್, ಟಿಡಿಎಸ್, ಸ್ಟಾಕ್ ಸ್ಟೇಟ್‌ಮೆಂಟ್, ಟ್ಯಾಲಿ ಪ್ರೈಮ್, ಎಕ್ಸೆಲ್. ಅದರ ಕೆಳಗೆ ನೇರವಾಗಿ ಮಿಲ್ಲಿನ ಕೆಲಸ, ಆರೇಳು ಸಾಲು, ಜಾಹೀರಾತಿನ ಕ್ರಮದಲ್ಲೇ. ಓದು ಕೊನೆಗೆ, ಬಿಕಾಂ ಒಂದೇ ಸಾಲು. ಎಸ್ಸೆಸ್ಸೆಲ್ಸಿ ಅಂಕದ ಟೇಬಲ್, ತಂದೆಯ ಹೆಸರು, ಧರ್ಮ, ಮದುವೆ ಆಗಿದೆಯೋ ಇಲ್ಲವೋ, ಹವ್ಯಾಸ, ಕೆಳಗೆ ಊರು ತಾರೀಖು ಸಹಿ ಹಾಕುವ ಘೋಷಣೆ ಎಲ್ಲ ತೆಗೆಯಿರಿ. ಒಂದೇ ಪುಟದಲ್ಲಿ ಮುಗಿಯುತ್ತದೆ. (ಸರ್ಕಾರಿ ಕೆಲಸದ ಅರ್ಜಿ ಬೇರೆ ಥರ, ಅಲ್ಲಿ ಅವರು ಕೇಳಿದ ನಮೂನೆಯಲ್ಲಿ ಕೇಳಿದ್ದನ್ನೆಲ್ಲ ತುಂಬಬೇಕು, ಇದನ್ನು ಅಲ್ಲಿಗೆ ತೆಗೆದುಕೊಂಡು ಹೋಗಬೇಡಿ.)

ನಿಮ್ಮ ವಿಷಯದಲ್ಲಿ ವಿಳಾಸ ದೊಡ್ಡ ತೊಡಕು. ಈಗ ಗಂಗಾವತಿ ವಿಳಾಸ ಮಾತ್ರ ಇದೆ. ಅದನ್ನು ನೋಡಿದ ಎಚ್‌ಆರ್, ಇವರು ಬರುತ್ತಾರೋ ಇಲ್ಲವೋ, ಮನೆ ಸಿಗುತ್ತೋ ಇಲ್ಲವೋ ಅಂತ ಅನುಮಾನ ಪಟ್ಟು ಪಕ್ಕಕ್ಕೆ ಇಟ್ಟಿರುವ ಸಾಧ್ಯತೆ ಜಾಸ್ತಿ. ದಾಸರಹಳ್ಳಿಯಲ್ಲಿ ಮನೆ ಇದೆಯಲ್ಲ, ಅದನ್ನು ಮೇಲೆಯೇ ಹಾಕಿ: "ದಾಸರಹಳ್ಳಿ, ಬೆಂಗಳೂರು. 30 ದಿನದಲ್ಲಿ ಸೇರಬಲ್ಲೆ." ಅಲ್ಲಿಂದ ಪೀಣ್ಯ ಇಂಡಸ್ಟ್ರಿ ಮೆಟ್ರೋ ನಿಲ್ದಾಣಕ್ಕೆ ಎರಡೇ ಸ್ಟಾಪ್. ದಿನಾ ಸಮಯಕ್ಕೆ ಬರುತ್ತಾರೆ ಅನ್ನುವ ನಂಬಿಕೆಗೆ ಫ್ಯಾಕ್ಟರಿಯವರು ಬಹಳ ಬೆಲೆ ಕೊಡುತ್ತಾರೆ.

ಹತ್ತು ತಿಂಗಳ ಬಿಡುವನ್ನು ಮುಚ್ಚಲು ಹೋಗಬೇಡಿ. ಎರಡು ಅವಧಿಯ ತಾರೀಖು ಬೇರೆ ಬೇರೆ ಹಾಕಿ, ನಡುವೆ "ಹೆರಿಗೆ ಮತ್ತು ಮಗುವಿನ ಆರೈಕೆ" ಅಂತ ಒಂದು ಸಾಲು, ಅದರ ಕೆಳಗೆ "ಅದೇ ಸಂಸ್ಥೆ ಮತ್ತೆ ಕೆಲಸಕ್ಕೆ ಕರೆದಿದೆ" ಅಂತ ಇನ್ನೊಂದು. ಬಿಟ್ಟು ಹೋದವರನ್ನು ಮಾಲೀಕರು ತಾವಾಗಿ ವಾಪಸ್ ಕರೆಯುವುದು ಅಪರೂಪ. ನಾನಾಗಿದ್ದರೆ ಪೆನ್ಸಿಲ್ ಸುತ್ತು ಹಾಕುತ್ತಿದ್ದದ್ದು ಆ ಸಾಲಿಗೇ.

ಇದೇ ನಾಲ್ಕು ವರ್ಷ ಇನ್ನೊಂದು ಕೆಲಸಕ್ಕೆ ಹೇಗೆ ಬೇರೆಯಾಗುತ್ತದೆ ಅಂತಲೂ ನೋಡಿ. ನಾಳೆ ಯಶವಂತಪುರ ಎಪಿಎಂಸಿಯ ಒಬ್ಬ ಅಕ್ಕಿ ಸಗಟು ವ್ಯಾಪಾರಿ ಲೆಕ್ಕಕ್ಕೆ ಜನ ಬೇಕು ಅಂದರೆ ಐಟಿಸಿ ರಿವರ್ಸಲ್ ಕೆಳಗೆ ಹೋಗುತ್ತದೆ. ಮೇಲೆ ಬರುವುದು ಪಾರ್ಟಿ ಬಾಕಿ ವಸೂಲಿ, 25 ಮತ್ತು 26 ಕೆಜಿ ಚೀಲದ ಬಿಲ್ಲಿಂಗ್, 50 ಸಾವಿರ ದಾಟಿದ ಲೋಡಿನ ಇ-ವೇ ಬಿಲ್, ಲಾರಿ ಬಾಡಿಗೆ ಹೊಂದಿಸುವುದು, ಯಾವ ಅಕ್ಕಿ ಯಾವ ತಿಂಗಳಲ್ಲಿ ಬರುತ್ತದೆ ಅನ್ನುವ ತಿಳಿವಳಿಕೆ. ತುಂಗಭದ್ರಾ ನೀರಿನ ಎರಡು ಬೆಳೆಯ ಸೀಸನ್ ನೋಡಿದ್ದೀರಿ ಅನ್ನುವುದು ಅವರಿಗೆ ದೊಡ್ಡ ವಿಷಯ, ಪೀಣ್ಯದವರಿಗೆ ಅದರಿಂದ ಏನೂ ಆಗಬೇಕಿಲ್ಲ.

ಅದಕ್ಕೇ ಒಂದು ದೊಡ್ಡ ಕಡತ ಮಾಡಿಟ್ಟುಕೊಳ್ಳಿ, ನಾಲ್ಕೈದು ಪುಟ ಆದರೂ ಆಗಲಿ, ಮಾಡಿದ ಎಲ್ಲ ಕೆಲಸ, ಎಲ್ಲ ಸಂಖ್ಯೆ ಅದರಲ್ಲಿರಲಿ. ಅದನ್ನು ಯಾರಿಗೂ ಕಳಿಸಬೇಡಿ. ಹೊಸ ಜಾಹೀರಾತು ಬಂದಾಗ ಅದರಿಂದ ಬೇಕಾದ ಏಳೆಂಟು ಸಾಲು ತೆಗೆದು ಒಂದು ಪುಟ ಕಟ್ಟಿ. ಮೊದಲ ಸಲ ಅರ್ಧ ದಿನ ಹಿಡಿಯುತ್ತದೆ, ಆಮೇಲೆ ಮುಕ್ಕಾಲು ಗಂಟೆ. ಮೂವತ್ತು ಕಡೆ ಒಂದೇ ಹಾಳೆ ಎಸೆಯುವ ಬದಲು ವಾರಕ್ಕೆ ನಾಲ್ಕು ಕಡೆ ಹೀಗೆ ಕಳಿಸಿ. ಪೋರ್ಟಲ್‌ನ ಪ್ರೊಫೈಲಿನಲ್ಲೂ ಇದೇ ಪದಗಳಿರಲಿ, ಅಲ್ಲೊಂದು ಇಲ್ಲೊಂದು ಇದ್ದರೆ ಗೊಂದಲ.

ಫೈಲಿನ ಹೆಸರು ಈಗ "ನ್ಯೂ ರೆಸ್ಯೂಮೆ ಫೈನಲ್ 2" ಅಂತ ಇದೆ. ನಿಮ್ಮ ಹೆಸರು, ಅಕೌಂಟ್ಸ್ ಎಕ್ಸಿಕ್ಯೂಟಿವ್ ಅಂತ ಮಾಡಿ, ಪಿಡಿಎಫ್ ಆಗಿ ಕಳಿಸಿ. ಮೇಲ್‌ನಲ್ಲಿ ನಾಲ್ಕು ವಾಕ್ಯ ಸಾಕು: ಯಾವ ಕೆಲಸಕ್ಕೆ, ಎಷ್ಟು ಅನುಭವ, ಎಲ್ಲಿದ್ದೀರಿ, ಯಾವಾಗ ಸೇರಬಲ್ಲಿರಿ. ಜಾಹೀರಾತಿನ ಸ್ಕ್ರೀನ್‌ಶಾಟ್ ಇವತ್ತೇ ತೆಗೆದಿಡಿ. ಕೆಲವು ದಿನದಲ್ಲಿ ಅವರು ಅದನ್ನು ತೆಗೆದುಬಿಡುತ್ತಾರೆ, ಇಂಟರ್‌ವ್ಯೂ ಹಿಂದಿನ ರಾತ್ರಿ ಓದಲು ನಿಮ್ಮ ಹತ್ತಿರ ಏನೂ ಇರುವುದಿಲ್ಲ.

ಕೊನೆಯದಾಗಿ ಮಾಲೀಕರ ಹತ್ತಿರ ಒಂದು ಅನುಭವ ಪತ್ರ ಕೇಳಿ, ಲೆಟರ್‌ಹೆಡ್ ಮೇಲೆ, ಎರಡೂ ಅವಧಿಯ ತಾರೀಖು ಹಾಕಿಸಿ. ರೆಸ್ಯೂಮೆಯಲ್ಲಿ ಇರುವ ತಾರೀಖಿಗೂ ಪತ್ರದ ತಾರೀಖಿಗೂ ಒಂದು ದಿನವೂ ವ್ಯತ್ಯಾಸ ಇರಬಾರದು, ಪರಿಶೀಲನೆ ಮಾಡುವಾಗ ಮೊದಲು ನೋಡುವುದು ಅದನ್ನೇ. ಹೊಸ ಭತ್ತ ಬರಲು ಶುರುವಾದರೆ ಅವರಿಗೆ ಸಹಿ ಹಾಕುವಷ್ಟು ಪುರುಸೊತ್ತೂ ಇರುವುದಿಲ್ಲ, ಈ ವಾರವೇ ಕೇಳಿಬಿಡಿ.